ಕರೆದರೆ ಎಷ್ಟು ಬೇಗ ‘ಹೂಂ’ ಅಂತಿತ್ತು ಹಳೇ ಕಂಪ್ಯೂಟರ್?

ಈ ಸಂಚಿಕೆ ಶುರು ಮಾಡೋಕೆ ನೀವು ಫೋನಿನ ಸ್ಕ್ರೀನ್ ಮೇಲೆ ಒಂದು ಕಡೆ ಬೆರಳು ಒತ್ತಿದ್ರಿ, ಅಲ್ವಾ? ಆ ಹೊತ್ತಿಗೆ ನಿಮ್ಮ ಫೋನ್ ಸುಮ್ಮನೆ ಕೂತಿರಲಿಲ್ಲ. ಮೆಸೇಜ್ ಬಂತಾ ನೋಡ್ತಿತ್ತು, ಗಡಿಯಾರ ಓಡಿಸ್ತಿತ್ತು, ಬ್ಯಾಟರಿ ಲೆಕ್ಕ ಹಾಕ್ತಿತ್ತು. ಅದರ ಮಧ್ಯೆ ನಿಮ್ಮ ಬೆರಳು ಹೋಗಿ ‘ಸ್ವಲ್ಪ ಇಲ್ಲಿ ನೋಡಪ್ಪಾ’ ಅಂತು. ಒಳಗಿರೋ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಪಕ್ಕಕ್ಕಿಟ್ಟು ತಿರುಗಿ ನೋಡ್ತು. ಈ ಕರೆಗೆ ಇಂಟರಪ್ಟ್ ಅಂತ ಹೆಸರು.

ಇವತ್ತಿನ ಸಂಚಿಕೆ ಈ ಇಂಟರಪ್ಟ್ ಬಗ್ಗೆ. ನಮ್ಮ ಅಪ್ಪ, ಚಿಕ್ಕಪ್ಪಂದಿರ ಕಾಲದ ಪಿಸಿಗಳಿವೆಯಲ್ಲ, ಬೀಜ್ ಬಣ್ಣದ ಡಬ್ಬ, ಮುಂದೆ ಫ್ಲಾಪಿ ಹಾಕೋ ಬಾಯಿ, ಆ ಯಂತ್ರಗಳು ಕರೆದಾಗ ಎಷ್ಟು ಬೇಗ ತಿರುಗಿ ನೋಡ್ತಿದ್ದವು? ಅದನ್ನ ಅಳೆಯೋದು ಹೇಗೆ? ಈಗ ಅಳೆದು ಏನು ಪ್ರಯೋಜನ? ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗೂ ಈ ಪ್ರಶ್ನೆಗೂ ನೀವು ಅಂದುಕೊಂಡಿರೋದಕ್ಕಿಂತ ಹತ್ತಿರದ ಸಂಬಂಧ ಇದೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಇದನ್ನ ಎಂಜಿನಿಯರ್ ಥರ ಹೇಳೋಕೆ ಹೋಗಲ್ಲ. ಖರ್ಚು ಎಷ್ಟು, ಉಳಿದಿದ್ದು ಎಷ್ಟು ಅಂತ ಲೆಕ್ಕದ ಪುಸ್ತಕದ ಥರ ನೋಡೋಣ.

ದೋಸೆ ಹೊತ್ತ ಕೈ

ಮೊದಲು ಇಂಟರಪ್ಟ್ ಅಂದ್ರೆ ಏನು ಅಂತ ಸರಿಯಾಗಿ ಹಿಡಿಯೋಣ. ಒಲೆ ಮೇಲೆ ಹಾಲಿಟ್ಟಿದ್ದೀರಿ. ಉಕ್ಕುತ್ತಾ ಅಂತ ನಿಮಿಷಕ್ಕೊಂದ್ಸಲ ಎದ್ದು ಹೋಗಿ ನೋಡ್ತೀರಿ. ಇದು ಒಂದು ವಿಧಾನ, ಕಂಪ್ಯೂಟರ್ ಭಾಷೆಯಲ್ಲಿ ಪೋಲಿಂಗ್. ಕುಕ್ಕರ್ ಇಟ್ಟಿದ್ದೀರಿ. ನೀವು ಪಾಡಿಗೆ ಓದ್ತಾ ಕೂತಿರ್ತೀರಿ, ಸೀಟಿ ಹೊಡೆದಾಗ ಏಳ್ತೀರಿ. ಇದು ಇನ್ನೊಂದು ವಿಧಾನ, ಇಂಟರಪ್ಟ್. ಮೊದಲನೆಯದರಲ್ಲಿ ನಿಮ್ಮ ಸಮಯ ಹಾಳು. ಎರಡನೆಯದರಲ್ಲಿ ಸೀಟಿ ಕೇಳಿಸಿದ ಮೇಲೆ ನೀವು ಎದ್ದು ಹೋಗೋಕೆ ಎಷ್ಟು ಹೊತ್ತು ತಗೋತೀರಿ ಅನ್ನೋದೇ ಪ್ರಶ್ನೆ. ಆ ಹೊತ್ತಿಗೆ ಲೇಟೆನ್ಸಿ ಅಂತಾರೆ.

ಕಂಪ್ಯೂಟರ್‌ಗಳಿಗೆ ಈ ಸೀಟಿ ಕೇಳಿಸಿಕೊಳ್ಳೋ ವಿದ್ಯೆ 1950ರ ದಶಕದಲ್ಲೇ ಬಂತು. ಅಮೆರಿಕದಲ್ಲಿ 1954ರ ಡೈಸ್ಯಾಕ್ ಅನ್ನೋ ಯಂತ್ರದಲ್ಲಿ ಹೊರಗಿನ ಸಾಧನಗಳು ಪ್ರೊಸೆಸರನ್ನ ತಡೆದು ಕರೆಯೋ ವ್ಯವಸ್ಥೆ ಇತ್ತು.

ಈಗ ಗಾಂಧಿ ಬಜಾರಿಗೆ ಬನ್ನಿ. 1943ರಿಂದ ನಡೀತಿರೋ ವಿದ್ಯಾರ್ಥಿ ಭವನದಲ್ಲಿ ಸರ್ವರ್ ಬರೋದನ್ನ ನೋಡಿದ್ದೀರಾ? ಮೊಣಕೈವರೆಗೆ ದೋಸೆ ತಟ್ಟೆಗಳನ್ನ ಒಂದರ ಮೇಲೊಂದು ಜೋಡಿಸಿಕೊಂಡು ಬರ್ತಾರೆ. ಆಗ ನೀವು ‘ಒಂದು ಕಾಫಿ’ ಅಂತ ಕೂಗಿದ್ರೆ ಅವರಿಗೆ ಕೇಳಿಸಲ್ಲ ಅಂತಲ್ಲ. ಆದರೆ ಕೈಯಲ್ಲಿರೋ ತಟ್ಟೆಗಳನ್ನ ಇಳಿಸದೆ ತಿರುಗೋಕಾಗಲ್ಲ. ಎರಡು ತಟ್ಟೆ ಇದ್ದರೆ ಬೇಗ ತಿರುಗ್ತಾರೆ. ಹತ್ತು ತಟ್ಟೆ ಇದ್ದರೆ ನೀವು ಕಾಯಬೇಕು.

ಪ್ರೊಸೆಸರ್ ಕೂಡ ಹಾಗೇ. ಮಾಡ್ತಿರೋ ಸೂಚನೆಯನ್ನ ಮುಗಿಸಿಯೇ ಅದು ತಿರುಗೋದು. ಕೂಡೋ ಸೂಚನೆ ಆದ್ರೆ ಎರಡು ತಟ್ಟೆ. ಭಾಗಾಕಾರ ಆದ್ರೆ ಹತ್ತು ತಟ್ಟೆ. ಅಂದ್ರೆ ಒಂದೇ ಯಂತ್ರ, ಒಂದೇ ಕರೆ, ಆದರೂ ಪ್ರತಿ ಸಲ ಉತ್ತರ ಕೊಡೋ ಸಮಯ ಬೇರೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದು ಕರೆಗೆ 17 ಮೈಕ್ರೋಸೆಕೆಂಡ್

1981ರ ಆಗಸ್ಟ್ 12ಕ್ಕೆ ಐಬಿಎಂ ತನ್ನ ಪಿಸಿಯನ್ನ ಪ್ರಕಟಿಸ್ತು. ನಮ್ಮಲ್ಲಿ ಆಗ ಐಬಿಎಂ ಇರಲಿಲ್ಲ, 1978ರಲ್ಲೇ ದೇಶ ಬಿಟ್ಟಿತ್ತು. ಆ ಖಾಲಿ ಜಾಗ ತುಂಬಿದ್ದು ದೇಶದ ಕಂಪನಿಗಳು. ಬೆಂಗಳೂರಲ್ಲಿ ವಿಪ್ರೋ ಇಂಟೆಲ್‌ನ 8086 ಚಿಪ್ ಇಟ್ಟು ಮಿನಿ ಕಂಪ್ಯೂಟರ್ ಮಾಡ್ತು. ಪಿಎಸ್‌ಐ ಡೇಟಾ ಸಿಸ್ಟಮ್ಸ್ ಕೂಡ ಈ ಊರಿನದೇ. 1984ರ ಕೊನೆಯಲ್ಲಿ ಕೇಂದ್ರದ ಹೊಸ ಕಂಪ್ಯೂಟರ್ ನೀತಿ ಬಂದ ಮೇಲೆ ಐಬಿಎಂ ಪಿಸಿಯ ನಕಲುಗಳು, ಅಂದ್ರೆ ಕ್ಲೋನ್‌ಗಳು, ಸಾಲುಸಾಲಾಗಿ ಬಂದವು. ಎಲ್ಲದರ ಒಳಗೂ ಹೆಚ್ಚು ಕಡಿಮೆ ಒಂದೇ ಕುಟುಂಬದ ಚಿಪ್‌ಗಳು.

ಮೂಲ ಐಬಿಎಂ ಪಿಸಿಯಲ್ಲಿ ಇದ್ದದ್ದು ಇಂಟೆಲ್ 8088. ವೇಗ 4.77 ಮೆಗಾಹರ್ಟ್ಸ್. ಅಂದ್ರೆ ಸೆಕೆಂಡಿಗೆ 47 ಲಕ್ಷ 70 ಸಾವಿರ ಸೈಕಲ್. ನಮ್ಮ ಲೆಕ್ಕದ ಪುಸ್ತಕದಲ್ಲಿ ಸೈಕಲ್ಲೇ ರೂಪಾಯಿ. ಈ 4.77 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? ಅಮೆರಿಕದ ಕಲರ್ ಟಿವಿಯಿಂದ. ಟಿವಿಗೆ ಚಿತ್ರ ಕಳಿಸೋಕೆ ಬೇಕಾಗೋ 14.31818 ಮೆಗಾಹರ್ಟ್ಸ್‌ನ ಒಂದು ಹರಳನ್ನ ಬೋರ್ಡಿನಲ್ಲಿ ಹಾಕಿ, ಅದನ್ನೇ ಮೂರರಿಂದ ಭಾಗಿಸಿ ಪ್ರೊಸೆಸರ್‌ಗೆ ಕೊಟ್ಟರು, ಹನ್ನೆರಡರಿಂದ ಭಾಗಿಸಿ ಗಡಿಯಾರದ ಚಿಪ್‌ಗೆ ಕೊಟ್ಟರು. ಒಂದು ಹರಳಿನಲ್ಲಿ ಮೂರು ಕೆಲಸ. ಖರ್ಚು ಉಳಿಸೋದರಲ್ಲಿ ಯಾವ ಚಿಕ್ಕಪೇಟೆ ವ್ಯಾಪಾರಿಗೂ ಕಮ್ಮಿ ಇಲ್ಲ.

ಈಗ ಒಂದು ಕರೆಯ ಖರ್ಚು ನೋಡೋಣ. ಕೀಬೋರ್ಡ್ ಕರೀತು ಅಂತಿಟ್ಕೊಳ್ಳಿ. ಆ ಕರೆ ನೇರ ಪ್ರೊಸೆಸರ್‌ಗೆ ಹೋಗಲ್ಲ. 8259 ಅನ್ನೋ ಚಿಪ್ ಇದೆ, ಆಫೀಸಿನ ರಿಸೆಪ್ಷನ್ ಥರ. ಎಂಟು ಕಡೆಯಿಂದ ಬರೋ ಕರೆಗಳನ್ನ ಸಾಲಾಗಿ ನಿಲ್ಲಿಸಿ, ಯಾರು ಮುಖ್ಯ ಅಂತ ನೋಡಿ, ಒಬ್ಬರನ್ನ ಒಳಗೆ ಬಿಡುತ್ತೆ. ಪ್ರೊಸೆಸರ್ ‘ಯಾರಪ್ಪಾ?’ ಅಂತ ಕೇಳುತ್ತೆ, ರಿಸೆಪ್ಷನ್ ಒಂದು ನಂಬರ್ ಹೇಳುತ್ತೆ. ಪ್ರೊಸೆಸರ್ ತಾನು ಎಲ್ಲಿದ್ದೆ ಅನ್ನೋದನ್ನ ಮೂರು ಚೀಟಿಯಲ್ಲಿ ಬರೆದು ಮೆಮೊರಿಯಲ್ಲಿ ಇಡುತ್ತೆ. ಆಮೇಲೆ ಮೆಮೊರಿಯ ಮೊದಲ 1024 ಬೈಟ್‌ಗಳಲ್ಲಿರೋ ವಿಳಾಸಪಟ್ಟಿ ನೋಡಿ, ಆ ನಂಬರಿಗೆ ಎಲ್ಲಿ ಹೋಗಬೇಕು ಅಂತ ಎರಡು ಸಲ ಓದಿ, ಅಲ್ಲಿಗೆ ಹಾರುತ್ತೆ.

ಇಂಟೆಲ್ ಪುಸ್ತಕದ ಪ್ರಕಾರ 8086 ಚಿಪ್‌ನಲ್ಲಿ ಇದಕ್ಕೆಲ್ಲ 61 ಸೈಕಲ್. ಆದರೆ ಐಬಿಎಂ ಪಿಸಿಯ 8088 ಅಗ್ಗದ ತಮ್ಮ. ಒಳಗೆ 16 ಬಿಟ್, ಹೊರಗಿನ ದಾರಿ ಮಾತ್ರ 8 ಬಿಟ್. ಒಂದೊಂದು ಚೀಟಿಯನ್ನೂ ಎರಡು ತುಂಡು ಮಾಡಿ ಸಾಗಿಸಬೇಕು, ಪ್ರತಿ ಸಲ 4 ಸೈಕಲ್ ಜಾಸ್ತಿ. ಬರೆಯೋದು ಮೂರು, ಓದೋದು ಎರಡು, ಒಟ್ಟು ಐದು. ಐದು ನಾಲ್ಕಲ ಇಪ್ಪತ್ತು. 61ಕ್ಕೆ 20 ಸೇರಿಸಿ, 81. ಸಮಯದಲ್ಲಿ ಹೇಳೋದಾದ್ರೆ ಸುಮಾರು 17 ಮೈಕ್ರೋಸೆಕೆಂಡ್. ಅಂದ್ರೆ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ 17 ಭಾಗ.

ಇದು ಸರ್ವರ್ ಕೈ ಖಾಲಿ ಇದ್ದಾಗ. ಕೈಯಲ್ಲಿ ದೋಸೆ ಇದ್ರೆ? ಮೆಮೊರಿಯಲ್ಲಿರೋ 16 ಬಿಟ್ ಸಂಖ್ಯೆಯಿಂದ ಭಾಗಿಸೋ ಸೂಚನೆಗೆ ಈ ಚಿಪ್ 190 ಸೈಕಲ್‌ವರೆಗೂ ತಗೋಬಹುದು. ಅದು ಈಗಷ್ಟೇ ಶುರುವಾಗಿದೆ ಅನ್ನುವಾಗ ಕರೆ ಬಂದರೆ ಮೊದಲು 40 ಮೈಕ್ರೋಸೆಕೆಂಡ್ ಕಾಯಬೇಕು, ಆಮೇಲೆ ಈ 17. ಒಟ್ಟು 57. ಇಷ್ಟೆಲ್ಲ ಆದ ಮೇಲೂ ಪ್ರೊಸೆಸರ್ ಬಾಗಿಲಿಗೆ ಬಂದಿದೆ ಅಷ್ಟೇ, ಕರೆದವರ ಕೆಲಸ ಇನ್ನೂ ಶುರು ಮಾಡಿಲ್ಲ.

ಸುಬ್ರಹ್ಮಣ್ಯನಗರದ ಕಿಟ್

ಈಗ ನನ್ನನ್ನ ನಿಜವಾಗಲೂ ಬೆರಗುಗೊಳಿಸಿದ ವಿಷಯಕ್ಕೆ ಬರ್ತೀನಿ.

ಮಲ್ಲೇಶ್ವರದ ಪಕ್ಕದಲ್ಲೇ ಸುಬ್ರಹ್ಮಣ್ಯನಗರ ಇದೆ. ಅಲ್ಲಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್ ಅನ್ನೋ ಕಂಪನಿಯ ಹೆಸರು ಎಂಜಿನಿಯರಿಂಗ್ ಓದಿದ ಹಳಬರಿಗೆ ‘ಇಎಸ್‌ಎ ಕಿಟ್’ ಅಂದ್ರೆ ತಕ್ಷಣ ಹೊಳೆಯುತ್ತೆ. ಒಂದು ಬೋರ್ಡು, ಅದರ ಮೇಲೆ ಕ್ಯಾಲ್ಕುಲೇಟರ್ ಥರ ಕೀಗಳು, ಕೆಂಪು ಅಕ್ಷರದ ಪುಟ್ಟ ಡಿಸ್‌ಪ್ಲೇ. ಮೌಸ್ ಇಲ್ಲ, ಮಾನಿಟರ್ ಇಲ್ಲ. 8085 ಚಿಪ್‌ಗೆ ಒಂದೊಂದೇ ಸಂಖ್ಯೆ ಒತ್ತಿ ಪ್ರೋಗ್ರಾಂ ಹಾಕಬೇಕು. ಕಾಲೇಜುಗಳ ಮೈಕ್ರೋಪ್ರೊಸೆಸರ್ ಲ್ಯಾಬ್‌ನಲ್ಲಿ ಎಷ್ಟೋ ಜನ ಇಂಟರಪ್ಟ್ ಅನ್ನೋ ಪದವನ್ನ ಮೊದಲು ಕೇಳಿದ್ದೇ ಇಂಥ ಕಿಟ್‌ಗಳ ಮುಂದೆ ಕೂತು. ಈ ಜಾತಿಯ ಕಿಟ್‌ಗಳಿಗೆಲ್ಲ ಮಾದರಿಯಾಗಿದ್ದ ಇಂಟೆಲ್‌ನ ಎಸ್‌ಡಿಕೆ-85ರಲ್ಲಿ ಇಂಟರಪ್ಟ್‌ಗೆ ಅಂತಲೇ ಒಂದು ಪ್ರತ್ಯೇಕ ಕೀ ಇತ್ತು. ಒತ್ತಿದ್ರೆ ಸಾಕು, ಪ್ರೊಸೆಸರ್ ಇದ್ದ ಕೆಲಸ ಬಿಟ್ಟು ನೀವು ಬರೆದ ಜಾಗಕ್ಕೆ ಹಾರುತ್ತೆ. ಬೆರಳ ತುದಿಯಲ್ಲಿ ಇಂಟರಪ್ಟ್.

ಎಸ್‌ಡಿಕೆ-85ರ ಹರಳು 6.144 ಮೆಗಾಹರ್ಟ್ಸ್. 8085 ಅದನ್ನ ಅರ್ಧ ಮಾಡಿಕೊಂಡು 3.072ರಲ್ಲಿ ಓಡುತ್ತೆ. ಐಬಿಎಂ ಪಿಸಿಗಿಂತ ನಿಧಾನ, ಅಲ್ವಾ? ಆದರೆ ಆ ಕೀ ಒತ್ತಿದಾಗ 8085 ತಿರುಗಿ ನೋಡೋಕೆ 12 ಸೈಕಲ್ ಸಾಕು. 3.9 ಮೈಕ್ರೋಸೆಕೆಂಡ್. ಕೈಯಲ್ಲಿ ಅದರ ಅತಿ ಉದ್ದದ ಸೂಚನೆ ಇದ್ದರೂ ಇನ್ನು 18 ಸೈಕಲ್, ಎಲ್ಲ ಸೇರಿ 10 ಮೈಕ್ರೋಸೆಕೆಂಡ್ ಒಳಗೆ ಬಾಗಿಲಲ್ಲಿ ಹಾಜರ್.

ಇನ್ನೊಂದು ಉದಾಹರಣೆ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆ ತಂದು ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡೋಕೆ ಶುರು ಮಾಡ್ತು. ಮೊದಲ ಕಂತಿನಲ್ಲಿ ದೇಶದ 250 ಶಾಲೆಗಳು. ಅದರ ಒಳಗಿನ 6502 ಚಿಪ್ ವೇಗ ಬರೀ 2 ಮೆಗಾಹರ್ಟ್ಸ್. ಆದರೆ ಇಂಟರಪ್ಟ್‌ಗೆ ಅದು ಖರ್ಚು ಮಾಡೋದು 7 ಸೈಕಲ್. ಅದರ ಅತಿ ಉದ್ದದ ಸೂಚನೆಯೂ 7 ಸೈಕಲ್. ಹೆಚ್ಚೆಂದ್ರೆ 7 ಮೈಕ್ರೋಸೆಕೆಂಡ್‌ನಲ್ಲಿ ತಿರುಗುತ್ತೆ.

ಈಗ ಮೂರನ್ನೂ ಪಕ್ಕಪಕ್ಕ ಇಡಿ. ಶಾಲೆಯ ಬಿಬಿಸಿ ಮೈಕ್ರೋ, 2 ಮೆಗಾಹರ್ಟ್ಸ್, ಹೆಚ್ಚೆಂದ್ರೆ 7. ಲ್ಯಾಬಿನ ಕಿಟ್, 3 ಮೆಗಾಹರ್ಟ್ಸ್, ಹೆಚ್ಚೆಂದ್ರೆ 10. ಆಫೀಸಿನ ಪಿಸಿ, 4.77 ಮೆಗಾಹರ್ಟ್ಸ್, 17ರಿಂದ 57. ಜಾಹೀರಾತಲ್ಲಿ ಯಾವುದು ಅತಿ ವೇಗವೋ ಅದೇ ಕರೆಗೆ ಅತಿ ನಿಧಾನ.

ಪಿಸಿ ಕೆಟ್ಟದು ಅಂತ ಅಲ್ಲ. ಅದರ ಕೈಲಿ ಭಾಗಾಕಾರ ಇತ್ತು, 256 ಥರದ ಕರೆಗಳಿಗೆ ಪಟ್ಟಿ ಇತ್ತು, ಹೆಚ್ಚು ಮೆಮೊರಿ ಇತ್ತು. ದೊಡ್ಡ ಆಫೀಸು, ಜಾಸ್ತಿ ಫೈಲು, ಹಾಗಾಗಿ ತಿರುಗೋಕೆ ಜಾಸ್ತಿ ಹೊತ್ತು. ಆದರೆ ಅಂಗಡಿ ಬೋರ್ಡಿನಲ್ಲಿ ಬರೀತಿದ್ದದ್ದು ಮೆಗಾಹರ್ಟ್ಸ್ ಒಂದೇ. ಕ್ಲೋನ್‌ಗಳು 8, 10 ಅಂತ ಏರಿಸಿ, ಮುಂದೆ ‘ಟರ್ಬೊ’ ಅಂತ ಒಂದು ಗುಂಡಿ ಇಟ್ಟವು. ಯಂತ್ರ ಒಂದೇ ಸಮ ಎಷ್ಟು ಓಡುತ್ತೆ ಅನ್ನೋದು ಒಂದು ವೇಗ. ಕರೆದಾಗ ಎಷ್ಟು ಬೇಗ ಬರುತ್ತೆ ಅನ್ನೋದು ಇನ್ನೊಂದು ವೇಗ. ಮೊದಲನೆಯದನ್ನ ಮಾರಿದರು. ಎರಡನೆಯದನ್ನ ಯಾರೂ ಹೇಳಲಿಲ್ಲ.

‘ಸ್ತ್ರೀ’ಗೆ 14 ಕರೆ

ಈ ಎರಡನೇ ವೇಗಕ್ಕೂ ಕನ್ನಡಕ್ಕೂ ಏನು ಸಂಬಂಧ ಅಂತ ಈಗ ನೋಡೋಣ.

ಕನ್ನಡಕ್ಕೆ ಕೀಬೋರ್ಡ್ ವಿನ್ಯಾಸ ಕೊಟ್ಟವರು ಕೆ.ಪಿ. ರಾವ್. ಇಂಗ್ಲಿಷ್ ಕೀಬೋರ್ಡಿನ ಮೇಲೇ ಕನ್ನಡದ ಮೂಲಾಕ್ಷರಗಳನ್ನ ಧ್ವನಿ ನೋಡಿ ಕೂರಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಲ್ಲಿ ‘ಸೇಡಿಯಾಪು’ ಅನ್ನೋ ತಂತ್ರಾಂಶ ಮಾಡಿ ಬಿಟ್ಟಿಯಾಗಿ ಹಂಚಿದರು. ಮುಂದೆ ಸರ್ಕಾರ ಈ ವಿನ್ಯಾಸವನ್ನೇ ಶಿಷ್ಟ ಅಂತ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರೋದೂ ಇದೇ.

ಈ ವಿನ್ಯಾಸದಲ್ಲಿ ‘ಸ್ತ್ರೀ’ ಅಂತ ಬರೆಯಬೇಕು. ಕಣ್ಣಿಗೆ ಕಾಣೋದು ಒಂದೇ ಅಕ್ಷರ. ಒತ್ತಬೇಕಾದ್ದು ಎಸ್, ಎಫ್, ಟಿ, ಎಫ್, ಆರ್, ಆಮೇಲೆ ಶಿಫ್ಟ್ ಹಿಡಿದು ಐ. ಎಫ್ ಅಂದ್ರೆ ಅರ್ಧಾಕ್ಷರ ಮಾಡೋ ಕೀ. ಶಿಫ್ಟ್ ಸೇರಿ ಏಳು ಕೀ. ಪಿಸಿಯ ಕೀಬೋರ್ಡ್ ಕೀ ಒತ್ತಿದಾಗ ಒಂದು ಸಲ ಕರೆಯುತ್ತೆ, ಬಿಟ್ಟಾಗ ಇನ್ನೊಂದು ಸಲ ಕರೆಯುತ್ತೆ. ಅಂದ್ರೆ ಒಂದು ‘ಸ್ತ್ರೀ’ಗೆ 14 ಇಂಟರಪ್ಟ್. ಇಂಗ್ಲಿಷಿನ ಒಂದು ಸಣ್ಣ ಅಕ್ಷರಕ್ಕೆ ಎರಡೇ.

ಹಾಗಾದ್ರೆ ಹಳೇ ಪಿಸಿ ಕನ್ನಡ ಟೈಪಿಸ್ಟ್ ಕೈಗೆ ಸಿಕ್ಕಿ ಸುಸ್ತಾಯ್ತಾ? ಲೆಕ್ಕ ಹಾಕಿ. ಸೆಕೆಂಡಿಗೆ ಹತ್ತು ಕೀ ಒತ್ತೋ ಮಿಂಚಿನ ಕೈ ಅಂತಿಟ್ಕೊಳ್ಳಿ. 20 ಕರೆ. ಒಂದೊಂದಕ್ಕೆ 57 ಮೈಕ್ರೋಸೆಕೆಂಡ್ ಅಂದ್ರೂ ಒಂದು ಸೆಕೆಂಡಿನಲ್ಲಿ 1,140 ಮೈಕ್ರೋಸೆಕೆಂಡ್, ಸಾವಿರಕ್ಕೆ ಒಂದು ಭಾಗ. ಕರೆ ಕೇಳಿಸಿಕೊಳ್ಳೋದು ಕಷ್ಟವೇ ಆಗಿರಲಿಲ್ಲ.

ಕಷ್ಟ ಇದ್ದದ್ದು ಆಮೇಲೆ. ಕರೆ ಕೇಳಿದ ಪಿಸಿ ಆ ಕೀಯನ್ನ ಒಂದು ಸಣ್ಣ ಸಾಲಿನಲ್ಲಿ ನಿಲ್ಲಿಸುತ್ತೆ. ಆ ಸಾಲಿನಲ್ಲಿ ಜಾಗ ಇದ್ದದ್ದು 15 ಕೀಗಳಿಗೆ ಮಾತ್ರ. ಹದಿನಾರನೆಯದು ಬಂದ್ರೆ ‘ಪೀಂ’ ಅಂತ ಒಂದು ಬೀಪ್, ಆ ಕೀ ಹೋಯ್ತು. ಇಂಗ್ಲಿಷಾದರೆ ಪರದೆಯ ಮೇಲೆ ಒಂದು ಅಕ್ಷರ ತೋರಿಸೋದು ಒಂದು ಸಂಖ್ಯೆ ಬರೆದಷ್ಟು ಸುಲಭ. ಕನ್ನಡದಲ್ಲಿ ಒತ್ತು ಎಲ್ಲಿ, ದೀರ್ಘ ಎಲ್ಲಿ, ಹಿಂದೆ ಬರೆದದ್ದನ್ನ ಅಳಿಸಿ ಮತ್ತೆ ಹೇಗೆ ಕೂಡಿಸಬೇಕು ಅಂತ ಚುಕ್ಕಿ ಚುಕ್ಕಿಯಾಗಿ ಚಿತ್ರ ಬಿಡಿಸಬೇಕು. ಅಷ್ಟರೊಳಗೆ ಬೆರಳು ಮುಂದಕ್ಕೆ ಹೋಗಿರುತ್ತೆ, ಸಾಲು ಬೆಳೆಯುತ್ತೆ.

ಈ ಭಾರ ಇಳಿಸೋಕೆ ಒಂದು ದಾರಿ ಹಾರ್ಡ್‌ವೇರ್. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಅನ್ನೋ ಕಾರ್ಡನ್ನ ಪಿಸಿ ಒಳಗೆ ಸಿಕ್ಕಿಸಿದ್ರೆ, ಇಂಗ್ಲಿಷಿಗೆ ಬರೆದ ಡಾಸ್ ಪ್ರೋಗ್ರಾಂಗಳಲ್ಲೂ ಭಾರತದ ಲಿಪಿಗಳು ಮೂಡುತ್ತಿದ್ದವು. ಅಕ್ಷರ ಕೂಡಿಸಿ ತೋರಿಸೋ ಕೆಲಸವನ್ನ ಕಾರ್ಡು ಹೊತ್ತುಕೊಳ್ಳುತ್ತಿತ್ತು.

ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಅದರ ಸುತ್ತಲಿನ ಬೀದಿಗಳಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಕಾದಂಬರಿವರೆಗೆ ಅಚ್ಚಿಗೆ ಅಕ್ಷರ ಜೋಡಿಸಿದ ಡಿಟಿಪಿ ಆಪರೇಟರ್‌ಗಳನ್ನ ನೆನೆಸಿಕೊಳ್ಳಿ. ಕನ್ನಡ ಕಂಪ್ಯೂಟರಿನ ಚರಿತ್ರೆ ಹೇಳುವಾಗ ನಾವು ಫಾಂಟ್ ಬಗ್ಗೆ, ಕೀಬೋರ್ಡ್ ಜಗಳದ ಬಗ್ಗೆ ಮಾತಾಡ್ತೀವಿ. ಬೆರಳು ಒತ್ತಿದ್ದಕ್ಕೂ ಅಕ್ಷರ ಮೂಡಿದ್ದಕ್ಕೂ ನಡುವೆ ಎಷ್ಟು ಕಾಯಬೇಕಿತ್ತು ಅನ್ನೋದನ್ನ ಮಾತಾಡಲ್ಲ. ದಿನಕ್ಕೆ ಎಂಟು ಗಂಟೆ ಆ ಕೆಲಸ ಮಾಡಿದವರಿಗೆ ಅದೇ ಕಂಪ್ಯೂಟರಿನ ವೇಗ.

86 ಮೈಕ್ರೋಸೆಕೆಂಡಿನ ಗಡುವು

ಬೆರಳಿಗೆ ಕಾಯೋ ತಾಳ್ಮೆ ಇದೆ. ಟೆಲಿಫೋನ್ ತಂತಿಗೆ ಇಲ್ಲ.

ಮಲ್ಲೇಶ್ವರದ ಅಂಚಿನಲ್ಲಿರೋ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ, 1986ರಲ್ಲಿ ಶುರುವಾದ ಅರ್ನೆಟ್ ಜಾಲದ ಎಂಟು ಸಂಸ್ಥೆಗಳಲ್ಲಿ ಒಂದು. ದೇಶದ ಮೊದಮೊದಲ ಇಮೇಲ್‌ಗಳು ಓಡಾಡಿದ ದಾರಿ ಅದು. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಶುರು ಮಾಡಿದ ಮೇಲೆ ಮೋಡೆಮ್ ಮನೆಗೂ ಬಂತು. ಡಯಲ್ ಮಾಡಿದಾಗ ಕಿರ್ರ್ ಅಂತ ಕಿರುಚೋ ಡಬ್ಬ. ನಮ್ಮ ವಯಸ್ಸಿನವರು ಅದರ ಕೊನೆಯ ದಿನಗಳನ್ನಷ್ಟೇ ನೋಡಿದ್ದೀವಿ.

ಮೋಡೆಮ್‌ನಿಂದ ಬರೋ ಅಕ್ಷರಗಳನ್ನ ಪಿಸಿಯಲ್ಲಿ ಹಿಡಿಯೋ ಚಿಪ್ 8250. ಅದರ ಕೈಲಿ ಜಾಗ ಒಂದೇ ಒಂದು ಬೈಟಿಗೆ. ಒಂದು ಬೈಟ್ ಬಂತು, ಕರೆಯುತ್ತೆ. ಮುಂದಿನ ಬೈಟ್ ಪೂರ್ತಿ ಬರೋದರೊಳಗೆ ಪ್ರೊಸೆಸರ್ ಬಂದು ಅದನ್ನ ಎತ್ತಿಕೊಂಡು ಹೋಗಬೇಕು. ಇಲ್ಲಾಂದ್ರೆ ಹೊಸದು ಬಂದು ಹಳೆಯದರ ಮೇಲೆ ಕೂರುತ್ತೆ, ಹಳೆಯದು ಕಳೆದುಹೋಗುತ್ತೆ. ಯಾರಿಗೂ ಕಾಯಲ್ಲ.

ಪಿಸಿಯ ಸೀರಿಯಲ್ ಪೋರ್ಟಿನ ಗರಿಷ್ಠ ವೇಗ ಸೆಕೆಂಡಿಗೆ 1,15,200 ಬಿಟ್. ಒಂದು ಬೈಟಿಗೆ ಹಿಂದು ಮುಂದಿನದು ಸೇರಿ 10 ಬಿಟ್. ಅಂದ್ರೆ 86.8 ಮೈಕ್ರೋಸೆಕೆಂಡಿಗೊಂದು ಬೈಟ್. 8088 ಬಾಗಿಲಿಗೆ ಬರೋದರೊಳಗೇ 57 ಆಗಿರಬಹುದು. ಉಳಿದದ್ದು 30. ಅಷ್ಟರಲ್ಲಿ ಕೈಲಿದ್ದ ಸಾಮಾನು ಪಕ್ಕಕ್ಕಿಟ್ಟು, ಬೈಟ್ ಓದಿ, ಮೆಮೊರಿಯಲ್ಲಿಟ್ಟು, ರಿಸೆಪ್ಷನ್‌ಗೆ ‘ಮುಗೀತು’ ಅಂತ ಹೇಳಿ ವಾಪಸ್ ಹೋಗಬೇಕು. ಮಧ್ಯೆ ಗಡಿಯಾರದ ಕರೆ ಬಂದರೆ ಮುಗೀತು ಕಥೆ. ಐಬಿಎಂ ತನ್ನ ಪಿಸಿಯ ಬಯೋಸ್‌ನಲ್ಲಿ 9,600ಕ್ಕಿಂತ ಹೆಚ್ಚಿನ ವೇಗ ಕೊಟ್ಟೇ ಇರಲಿಲ್ಲ. ಆ ವೇಗದಲ್ಲಿ ಗಡುವು ಸಾವಿರ ಮೈಕ್ರೋಸೆಕೆಂಡ್ ದಾಟುತ್ತೆ, ಆರಾಮ.

ಆಮೇಲೆ 16550ಎ ಅನ್ನೋ ಚಿಪ್ ಬಂತು, 16 ಬೈಟ್ ಹಿಡಿಯೋ ಚೀಲದ ಜೊತೆ. ಬಾಗಿಲಿಗೆ ಬರೋದು ಸ್ವಲ್ಪ ತಡವಾದರೂ ಸಾಮಾನು ಕೆಳಗೆ ಬೀಳಲ್ಲ. ಮೋಡೆಮ್ ಕಾಲದ ಜನ ಪಿಸಿ ಕೊಳ್ಳುವಾಗ ‘16550 ಇದೆಯಾ’ ಅಂತ ಕೇಳ್ತಿದ್ದದ್ದು ಇದಕ್ಕೇ.

ಇಲ್ಲಿ ಒಂದು ವಿಷಯ ಗಮನಿಸಿ. ಮೋಡೆಮ್ ಕೆಲಸಕ್ಕೆ ಸರಾಸರಿ ಲೇಟೆನ್ಸಿ ಏನೂ ಉಪಯೋಗಕ್ಕಿಲ್ಲ. ನೂರು ಸಲದಲ್ಲಿ 99 ಸಲ ಬೇಗ ಬಂದು ಒಂದು ಸಲ ತಡ ಮಾಡಿದ್ರೆ, ಡೌನ್‌ಲೋಡ್ ಆಗ್ತಿರೋ ಫೈಲಿನಲ್ಲಿ ಒಂದು ತೂತು. ಅಳೆಯಬೇಕಾದ್ದು ಅತಿ ಕೆಟ್ಟ ಒಂದು ಸಲವನ್ನ.

ಅಳೆಯೋದು ಹೇಗೆ?

ಎರಡು ದಾರಿ ಹೇಳ್ತೀನಿ, ಎರಡೂ ಹಳೇ ಯಂತ್ರದ ಮೇಲೆ ಇವತ್ತೂ ನಡೆಯುತ್ತೆ.

ಮೊದಲನೆಯದಕ್ಕೆ ಯಾವ ಉಪಕರಣವೂ ಬೇಡ. ಪಿಸಿಯಲ್ಲಿ 8253 ಅನ್ನೋ ಗಡಿಯಾರದ ಚಿಪ್ ಇದೆ. ಸೆಕೆಂಡಿಗೆ 11,93,182 ಸಲ ಎಣಿಸುತ್ತೆ. 65,536ರಿಂದ ಕೆಳಗೆ ಇಳಿದು ಸೊನ್ನೆ ಮುಟ್ಟಿದಾಗ ಒಂದು ಇಂಟರಪ್ಟ್ ಕೊಡುತ್ತೆ. ಸೆಕೆಂಡಿಗೆ 18.2 ಸಲ. ಡಾಸ್ ತನ್ನ ಟೈಮ್ ಇಟ್ಟುಕೊಳ್ಳೋದು ಇದರಿಂದಲೇ. ಯಾವುದಾದ್ರೂ ಪ್ರೋಗ್ರಾಂ 55 ಮಿಲಿಸೆಕೆಂಡಿಗಿಂತ ಜಾಸ್ತಿ ಹೊತ್ತು ಕಿವಿ ಮುಚ್ಚಿಕೊಂಡು ಕೂತರೆ ಒಂದು ಏಟು ತಪ್ಪುತ್ತೆ, ಗಡಿಯಾರ ಹಿಂದೆ ಬೀಳುತ್ತೆ.

ಇದರ ಸೊಗಸು ಏನಂದ್ರೆ, ಬಾಗಿಲು ತಟ್ಟಿದ ಮೇಲೂ ಇದು ಎಣಿಸೋದು ನಿಲ್ಲಿಸಲ್ಲ. ಮತ್ತೆ ಮೇಲಿಂದ ಇಳಿಯೋಕೆ ಶುರು ಮಾಡುತ್ತೆ. ಪ್ರೊಸೆಸರ್ ಬಾಗಿಲಿಗೆ ಬಂದು ಮೊದಲ ಕೆಲಸವಾಗಿ ಎಣಿಕೆ ನೋಡಿದ್ರೆ, ತಾನು ಎಷ್ಟು ತಡವಾಗಿ ಬಂದೆ ಅಂತ ಅಲ್ಲೇ ಬರೆದಿರುತ್ತೆ. ಹಾಜರಿ ಪುಸ್ತಕದ ಥರ. ಒಂದು ಎಣಿಕೆ ಅಂದ್ರೆ 0.838 ಮೈಕ್ರೋಸೆಕೆಂಡ್, ಮೂಲ ಪಿಸಿಯಲ್ಲಿ ಸರಿಯಾಗಿ 4 ಸೈಕಲ್.

ಆದರೆ ಎರಡು ಗುಂಡಿ ಇವೆ, ಬೀಳಬಾರದು. ಒಂದು, ಬಯೋಸ್ ಈ ಚಿಪ್ಪನ್ನ ಎರಡೆರಡಾಗಿ ಇಳಿಯೋ ಸ್ಥಿತಿಯಲ್ಲಿ ಇಟ್ಟಿರುತ್ತೆ. ಅದನ್ನ ಒಂದೊಂದಾಗಿ ಇಳಿಯೋ ಸ್ಥಿತಿಗೆ ಬದಲಾಯಿಸಬೇಕು, ಇಲ್ಲಾಂದ್ರೆ ಲೆಕ್ಕ ದುಪ್ಪಟ್ಟು ಬರುತ್ತೆ. ಎರಡು, ಎಣಿಕೆ ನೋಡೋ ಸೂಚನೆಗೂ ಸ್ವಲ್ಪ ಸೈಕಲ್ ಖರ್ಚಾಗುತ್ತೆ. ಅಳೆಯೋವರ ಕೂಲಿ ಅನ್ನಿ. ಅದನ್ನ ಬೇರೆಯಾಗಿ ಅಳೆದು ಕಳೆಯಬೇಕು.

ಎರಡನೇ ದಾರಿಗೆ ಒಂದು ತಂತಿ, ಒಂದು ಆಸಿಲ್ಲೋಸ್ಕೋಪ್ ಬೇಕು. ಹಿಂದೆ ಪ್ರಿಂಟರ್ ಹಾಕೋ ಅಗಲದ ಪೋರ್ಟ್ ಇದೆಯಲ್ಲ, ಅದರ 2ನೇ ಪಿನ್ನಿನಿಂದ 10ನೇ ಪಿನ್ನಿಗೆ ತಂತಿ. 10ನೇ ಪಿನ್ ಪಿಸಿಯನ್ನ ಕರೆಯೋ ಪಿನ್. ಪ್ರೋಗ್ರಾಂ 2ನೇ ಪಿನ್ನನ್ನ ಬದಲಾಯಿಸಿದಾಗ ಪಿಸಿ ತನ್ನನ್ನ ತಾನೇ ಕರೆದುಕೊಳ್ಳುತ್ತೆ. ಉತ್ತರ ಕೊಡೋ ಪ್ರೋಗ್ರಾಂ ಬಂದ ತಕ್ಷಣ 3ನೇ ಪಿನ್ ಎತ್ತುತ್ತೆ. ಸ್ಕೋಪ್‌ನಲ್ಲಿ ಎರಡು ಗೆರೆ ಕಾಣುತ್ತೆ, ಕರೆದದ್ದು ಒಂದು, ಬಂದದ್ದು ಒಂದು. ನಡುವಿನ ಅಂತರವೇ ಉತ್ತರ.

ಯಾವ ದಾರಿಯಾದರೂ ಒಂದು ಸಲ ಅಳೆದರೆ ಸಾಲದು. ದೋಸೆ ಲೆಕ್ಕ ನೆನಪಿದೆಯಲ್ಲ? ಅದರ ಜೊತೆಗೆ ಮೂಲ ಪಿಸಿಯಲ್ಲಿ ಸುಮಾರು 15 ಮೈಕ್ರೋಸೆಕೆಂಡಿಗೊಮ್ಮೆ ಮೆಮೊರಿ ಮರೆಯದಂತೆ ತಟ್ಟಿ ಎಬ್ಬಿಸೋ ಕೆಲಸ ನಡೆಯುತ್ತೆ, ಆಗ ಪ್ರೊಸೆಸರ್ ಸ್ವಲ್ಪ ಕಾಯಬೇಕು. ಹಾಗಾಗಿ ಸಾವಿರಾರು ಸಲ ಅಳೆದು, ಎಷ್ಟು ಸಲ ಎಷ್ಟು ಬಂತು ಅಂತ ಪಟ್ಟಿ ಮಾಡಿ, ಪಟ್ಟಿಯ ಕೊನೆಯ ಸಾಲನ್ನ ನೋಡಬೇಕು.

ಹೊಸದು ಬಂತು, ವೇಗ ಬಂತಾ?

286, 386 ಬಂದ ಮೇಲೆ ಏನಾಯ್ತು? 8086ರಲ್ಲಿ 51 ಸೈಕಲ್ ತಗೋತಿದ್ದ, ಪ್ರೋಗ್ರಾಂ ತಾನೇ ಕೊಡೋ ಇಂಟರಪ್ಟನ್ನ ಅಳತೆಗೋಲಾಗಿ ಇಟ್ಟುಕೊಳ್ಳೋಣ. 286ರಲ್ಲಿ ಡಾಸ್ ಓಡೋ ಸರಳ ಸ್ಥಿತಿಯಲ್ಲಿ ಅದು ಸುಮಾರು 23ಕ್ಕೆ ಇಳೀತು. ದೊಡ್ಡ ಜಿಗಿತ. ಆದರೆ 386ರಲ್ಲಿ ಮತ್ತೆ 37ಕ್ಕೆ ಏರಿತು. ಒಂದು ಪ್ರೋಗ್ರಾಂ ಇನ್ನೊಂದರ ಮನೆಗೆ ನುಗ್ಗದ ಹಾಗೆ ಕಾವಲು ಇರೋ ಪ್ರೊಟೆಕ್ಟೆಡ್ ಸ್ಥಿತಿಯಲ್ಲಿ, ಹೊರಗಿನಿಂದ ಒಳಮನೆಗೆ ದಾಟಬೇಕಾದರೆ 99. ಪ್ರತಿ ಬಾಗಿಲಲ್ಲೂ ಗುರುತಿನ ಚೀಟಿ ತೋರಿಸಬೇಕು. ಗಡಿಯಾರದ ವೇಗ ಏರಿದ್ದರಿಂದ ಸಮಯ ಕಮ್ಮಿ ಆಯ್ತು, ಖರ್ಚು ಕಮ್ಮಿ ಆಗಲಿಲ್ಲ.

1990ರ 386ಎಸ್‌ಎಲ್ ಚಿಪ್‌ನಿಂದ ಇನ್ನೊಂದು ಹೊಸ ಕರೆ ಸೇರಿಕೊಂಡಿತು. ಬ್ಯಾಟರಿ ಉಳಿಸೋ ಥರದ ಮನೆಗೆಲಸಕ್ಕೆ ಯಂತ್ರ ತನ್ನಷ್ಟಕ್ಕೆ ತಾನೇ ಮಾಯವಾಗುತ್ತೆ, ಆಪರೇಟಿಂಗ್ ಸಿಸ್ಟಮ್‌ಗೂ ಹೇಳಲ್ಲ. ಇವತ್ತಿನ ಲ್ಯಾಪ್‌ಟಾಪ್‌ನಲ್ಲೂ ಇದು ಇದೆ. ಹಾಗಾಗಿ ಖಚಿತ ಸಮಯ ಬೇಕಾದ ಕೆಲಸಕ್ಕೆ ಇಂದಿನ ಯಂತ್ರಗಳನ್ನೂ ಜನ ಕೂತು ಅಳೀತಾರೆ. ಲಿನಕ್ಸ್‌ನಲ್ಲಿ ಅದಕ್ಕೆ ‘ಸೈಕ್ಲಿಕ್‌ಟೆಸ್ಟ್’ ಅನ್ನೋ ಉಪಕರಣ ಇದೆ. ಲಿನಕ್ಸನ್ನ ಸಮಯಕ್ಕೆ ಸರಿಯಾಗಿ ತಿರುಗೋ ಹಾಗೆ ಮಾಡೋ ಕೆಲಸ ಇಪ್ಪತ್ತು ವರ್ಷ ಹೊರಗೇ ಬೆಳೆದು, ಮುಖ್ಯ ಲಿನಕ್ಸ್‌ಗೆ ಪೂರ್ತಿ ಸೇರಿದ್ದು 2024ರಲ್ಲಿ.

ಅಟ್ಟದ ಮೇಲಿನ ಸಾಕ್ಷಿ

ಕೊನೆಯ ಪ್ರಶ್ನೆ. ಪುಸ್ತಕದಲ್ಲಿ ಸೈಕಲ್ ಲೆಕ್ಕ ಇದೆಯಲ್ಲ, ಹಳೇ ಪಿಸಿಯನ್ನ ಈಗ ಯಾಕೆ ಅಳೆಯಬೇಕು?

ಪುಸ್ತಕ ಹೇಳೋದು ಚಿಪ್ ಬಗ್ಗೆ. ಯಂತ್ರದ ಬಗ್ಗೆ ಅಲ್ಲ. ಬೋರ್ಡಿನ ವಿನ್ಯಾಸ, ಮೆಮೊರಿ ಎಷ್ಟು ನಿಧಾನ, ಬಯೋಸ್ ಬರೆದವರು ಎಷ್ಟು ಹೊತ್ತು ಕಿವಿ ಮುಚ್ಚಿಸಿದರು, ಇವೆಲ್ಲ ಸೇರಿ ನಿಜವಾದ ಉತ್ತರ. 2015ರಲ್ಲಿ ಹವ್ಯಾಸಿಗಳು ‘8088 ಎಂಪಿಎಚ್’ ಅನ್ನೋ ಒಂದು ಡೆಮೊ ಮಾಡಿದರು, ಮೂಲ ಐಬಿಎಂ ಪಿಸಿಯ ಒಂದೊಂದು ಸೈಕಲ್ಲನ್ನೂ ನಂಬಿ ಬರೆದದ್ದು. ಆಗ ಇದ್ದ ಎಮ್ಯುಲೇಟರ್‌ಗಳು, ಅಂದ್ರೆ ಹಳೇ ಪಿಸಿಯ ಹಾಗೆ ನಟಿಸೋ ಸಾಫ್ಟ್‌ವೇರ್‌ಗಳು, ಅದನ್ನ ಸರಿಯಾಗಿ ಓಡಿಸೋಕೆ ಸೋತವು. ಹೊಸ ಎಮ್ಯುಲೇಟರ್‌ಗಳು ಸುಧಾರಿಸಿದ್ದು ಯಾರೋ ನಿಜವಾದ ಯಂತ್ರ ಇಟ್ಟುಕೊಂಡು, ಕೂತು ಅಳೆದಿದ್ದರಿಂದ.

ಐಬಿಎಂ ಯಂತ್ರಗಳಿಗೆ ಅಂಥ ಪ್ರೇಮಿಗಳಿದ್ದಾರೆ. ನಮ್ಮ ಊರಲ್ಲಿ ಮಾಡಿದ, ಜೋಡಿಸಿದ ಯಂತ್ರಗಳಿಗೆ? ಟೌನ್‌ಹಾಲ್ ಹತ್ತಿರದ ಎಸ್‌ಪಿ ರಸ್ತೆಯಲ್ಲಿ, ಅಂದ್ರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಬಿಡಿಭಾಗ ತಂದು ಜೋಡಿಸಿದ ಲೆಕ್ಕವಿಲ್ಲದಷ್ಟು ಪಿಸಿಗಳು ಈ ಬಡಾವಣೆಗಳ ಮನೆಗಳಿಗೆ, ಪ್ರೆಸ್‌ಗಳಿಗೆ, ಟ್ಯೂಷನ್ ಸೆಂಟರ್‌ಗಳಿಗೆ ಹೋದವು. ಅವು ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಇಲ್ಲ. ಒಂದರ ಹಾಗೆ ಇನ್ನೊಂದು ಇಲ್ಲ. ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗ ಅಟ್ಟ ಖಾಲಿಯಾಗುತ್ತೆ, ಡಬ್ಬ ಗುಜರಿಗೆ ಹೋಗುತ್ತೆ. ಬೋರ್ಡು ಒಡೆದ ಮೇಲೆ ಅದರ ಬೆಲೆಯನ್ನ ತೂಕದಲ್ಲಿ ಹೇಳಬಹುದು. ಕರೆದಾಗ ಎಷ್ಟು ಬೇಗ ಬರ್ತಿತ್ತು ಅನ್ನೋದನ್ನ ಇನ್ಯಾವತ್ತೂ ಹೇಳೋಕಾಗಲ್ಲ.

ಹಳೇ ಬೋರ್ಡನ್ನ ಸುಮ್ಮನೆ ಇಟ್ಟುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಅದರ ಬೆಸುಗೆಯಲ್ಲಿ ಸೀಸ ಇದೆ. ಕಸದ ಬುಟ್ಟಿಗೂ ಬೆಂಕಿಗೂ ಹಾಕಬಾರದು, ಅನುಮತಿ ಇರೋ ಇ-ತ್ಯಾಜ್ಯ ಕೇಂದ್ರಕ್ಕೇ ಕೊಡಬೇಕು. ದೇಶದಲ್ಲಿ ಅಂಥ ಮೊದಲ ಘಟಕ ಶುರುವಾದದ್ದೂ ನಮ್ಮ ಹತ್ತಿರದ ದಾಬಸ್‌ಪೇಟೆಯಲ್ಲೇ, 2005ರಲ್ಲಿ. ಕೊಡೋದಕ್ಕೆ ಮುಂಚೆ ಒಂದು ಸಂಜೆ ಮಾತ್ರ ತಡೆಯಿರಿ. ಗೊತ್ತಿರೋರ ಹತ್ತಿರ ಪವರ್ ಸಪ್ಲೈ ಪರೀಕ್ಷೆ ಮಾಡಿಸಿ, ಯಾಕಂದ್ರೆ ಹಳೇ ಕೆಪಾಸಿಟರ್ ಸಿಡಿಯಬಹುದು. ಬೋರ್ಡಿನ ಫೋಟೊ ತೆಗೀರಿ, ಚಿಪ್‌ಗಳ ನಂಬರ್ ಬರೆದಿಡಿ. ಯಂತ್ರ ಎದ್ದರೆ, ಈಗ ಹೇಳಿದ ಮೊದಲ ದಾರಿಯಲ್ಲಿ ಸಾವಿರ ಸಲ ಅಳೆದು, ಅತಿ ಕಮ್ಮಿ, ಅತಿ ಜಾಸ್ತಿ ಎರಡನ್ನೂ ಗುರುತು ಹಾಕಿಕೊಳ್ಳಿ. ಮನೆಯಲ್ಲಿ ಅದರ ಮುಂದೆ ಕೂತು ದುಡಿದವರು ಇದ್ದರೆ, ಎಲ್ಲಿ ಕಾಯಿಸ್ತಿತ್ತು ಅಂತ ಅವರನ್ನೂ ಕೇಳಿ. ಅವರ ಬೆರಳಿಗೆ ಆ ಉತ್ತರ ಗೊತ್ತಿರುತ್ತೆ.

ಇಷ್ಟು ಇವತ್ತಿಗೆ. ನಿಮ್ಮ ಮನೆಯಲ್ಲಿ ಇಂಥ ಯಂತ್ರ ಇದ್ದರೆ, ಡಿಟಿಪಿ ಕಾಲದ ಕಥೆ ಇದ್ದರೆ, ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.